ಮೀಟರಿನ ಇತಿಹಾಸ ಮತ್ತು ‘ದೋಷ’ದ ಅರ್ಥ: ಒಂದು ವಿಮರ್ಶೆ

ಭೌತಶಾಸ್ತ್ರದ ಪ್ರಾರಂಭಿಕ ಪಠ್ಯಗಳ ಮೊದಲನೆಯ ಅಧ್ಯಾಯಕ್ಕೆ ಒಂದು ಸಿದ್ಧರೂಪವುಂಟು. ವೈಜ್ಞಾನಿಕ ವಿಧಾನವೆಂದರೆ ವೀಕ್ಷಣೆ, ಊಹೆ, ಪ್ರಯೋಗ, ನಿಯಮ ಎಂದು ಕ್ರಮವಾಗಿ ಹೇಳಿ, ಮೂಲಮಾನಗಳ ಕೋಷ್ಟಕವನ್ನು ಕೊಟ್ಟು, ನಿರ್ವಾತದಲ್ಲಿ ಬೆಳಕು ಒಂದು ಸೆಕೆಂಡಿನ 29,97,92,458ನೆಯ ಒಂದು ಭಾಗದಲ್ಲಿ ಕ್ರಮಿಸುವ ದೂರವೇ ಮೀಟರೆಂದು ಮುಗಿಸುವುದು ವಾಡಿಕೆ. ಈ ಸಂಖ್ಯೆಯನ್ನು ಮೂವತ್ತು ಕೋಟಿಯೆಂದು ದುಂಡಗೆ ಇಟ್ಟುಕೊಳ್ಳಬಾರದಿತ್ತೆ ಎಂದು ವಿದ್ಯಾರ್ಥಿಯು ಕೇಳಿದರೆ ಆ ಅಧ್ಯಾಯದಲ್ಲಿ ಉತ್ತರ ದೊರೆಯುವುದಿಲ್ಲ. ಉತ್ತರವಿರುವುದು ಇತಿಹಾಸದಲ್ಲಿ. 1983ರಲ್ಲಿ ಈ ವ್ಯಾಖ್ಯೆಯನ್ನು ಅಂಗೀಕರಿಸಿದವರು ಆಗಲೇ ಬಳಕೆಯಲ್ಲಿದ್ದ ಉದ್ದವು ಕದಲದಂತೆ ಸಂಖ್ಯೆಯನ್ನು ಆರಿಸಬೇಕಾಗಿತ್ತು. ಆ ಉದ್ದವಾದರೋ 1799ರ ಒಂದು ಪ್ಲಾಟಿನಮ್ ಪಟ್ಟಿಯಿಂದ ಪರಂಪರೆಯಾಗಿ ಇಳಿದುಬಂದದ್ದು.

ಆ ಪಟ್ಟಿಯ ಹಿಂದಿನ ಶ್ರಮವನ್ನು ಅಮೆರಿಕದ ಇತಿಹಾಸಕಾರ ಕೆನ್ ಆಲ್ಡರ್ ಅವರು ‘ದಿ ಮೆಷರ್ ಆಫ್ ಆಲ್ ಥಿಂಗ್ಸ್’ (2002) ಎಂಬ ಗ್ರಂಥದಲ್ಲಿ ನಿರೂಪಿಸಿದ್ದಾರೆ. ವಿಜ್ಞಾನದ ಅಧ್ಯಾಪಕರು ಇದನ್ನು ಇತಿಹಾಸವೆಂದೂ, ಇತಿಹಾಸದ ಅಧ್ಯಾಪಕರು ವಿಜ್ಞಾನವೆಂದೂ ಬದಿಗಿರಿಸುವ ಸಂಭವವಿರುವುದರಿಂದ ಇಲ್ಲಿ ಇದರ ಪರಾಮರ್ಶೆಯು ಅಪ್ರಸ್ತುತವಾಗಲಾರದು.

ಕ್ರಾಂತಿಪೂರ್ವದ ಫ್ರಾನ್ಸಿನಲ್ಲಿ ಸುಮಾರು ಎಂಟುನೂರು ಹೆಸರುಗಳ ಮರೆಯಲ್ಲಿ ಎರಡೂವರೆ ಲಕ್ಷ ಬಗೆಯ ಮಾನಗಳಿದ್ದುವೆಂಬ ಅಂದಾಜನ್ನು ಗ್ರಂಥಕರ್ತರು ಕೊಡುತ್ತಾರೆ. ಅವು ಕೇವಲ ಅಜ್ಞಾನದ ಫಲವಲ್ಲವೆಂದು ಅವರು ಸಮರ್ಥವಾಗಿ ತೋರಿಸಿದ್ದಾರೆ. ಒಂದು ಹೊಲಕ್ಕೆ ಎಷ್ಟು ಬೀಜ ಬೇಕು, ಅದನ್ನು ಉಳಲು ಎಷ್ಟು ದಿನ ಬೇಕು ಎಂಬುದರ ಮೇಲೆ ಭೂಮಿಯನ್ನು ಅಳೆಯುವುದರಲ್ಲಿ ರೈತನಿಗೆ ಅರ್ಥವಿತ್ತು. ಖಂಡುಗ ಬೀಜ ಬೀಳುವ ಗದ್ದೆಯೆಂದು ಹೇಳಿಕೊಂಡು ಬಂದ ನಮ್ಮ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಲ್ಲ ಜನರಿಗೂ ಸಮನಾಗಿ ಸಲ್ಲುವ ಮಾನವು ನಿಸರ್ಗದಿಂದಲೇ ಬರಬೇಕೆಂದು ನಿಶ್ಚಯಿಸಿ, ಉತ್ತರ ಧ್ರುವದಿಂದ ಸಮಭಾಜಕದವರೆಗಿನ ದೂರದ ಕೋಟಿಯ ಒಂದು ಭಾಗವನ್ನು ಮೀಟರೆಂದು ಕರೆದರು. ಆ ದೂರವನ್ನು ತಿಳಿಯಲು ಡಂಕರ್ಕಿನಿಂದ ಬಾರ್ಸಿಲೋನದವರೆಗಿನ ಯಾಮ್ಯೋತ್ತರ ರೇಖೆಯನ್ನು ತ್ರಿಕೋನಗಳಿಂದ ಅಳೆಯಲು ದೆಲಾಂಬ್ರ್ ಮತ್ತು ಮೆಷೆನ್ ಎಂಬ ಇಬ್ಬರು ಖಗೋಳಜ್ಞರು 1792ರಲ್ಲಿ ಹೊರಟರು. ಒಬ್ಬ ಉತ್ತರಕ್ಕೆ, ಇನ್ನೊಬ್ಬ ದಕ್ಷಿಣಕ್ಕೆ. ದೆಲಾಂಬ್ರನು ಗುರುತಿಗಾಗಿ ಎತ್ತರದಲ್ಲಿ ಕಟ್ಟಿಸಿದ ಬಿಳಿಯ ಬಟ್ಟೆಯು ರಾಜಪಕ್ಷದ ಬಾವುಟದಂತೆ ಜನರಿಗೆ ಕಂಡಿತೆಂಬಂಥ ಪ್ರಸಂಗಗಳು ಗ್ರಂಥದಲ್ಲಿ ಹೇರಳವಾಗಿವೆ. ಆಲ್ಡರ್ ಅವರು ಸೈಕಲ್ಲಿನಲ್ಲಿ ಆ ಮಾರ್ಗವನ್ನು ತಾವೇ ಕ್ರಮಿಸಿದವರಾದುದರಿಂದ ಸ್ಥಳವರ್ಣನೆಗೆ ಒಂದು ಕಸುವು ಬಂದಿದೆ.

ಗ್ರಂಥದ ಮರ್ಮವಿರುವುದು ಮೆಷೆನನ ಪ್ರಕರಣದಲ್ಲಿ. ಆತನು 1792-93ರ ಚಳಿಗಾಲದಲ್ಲಿ ಬಾರ್ಸಿಲೋನದ ಮೊಂಟ್‌ಜುಯಿಕ್ ಕೋಟೆಯಿಂದ ನಕ್ಷತ್ರಗಳನ್ನು ನೋಡಿ ಅಕ್ಷಾಂಶವನ್ನು ನಿರ್ಣಯಿಸಿದನು. ಫ್ರಾನ್ಸ್ ಮತ್ತು ಸ್ಪೇನುಗಳ ನಡುವೆ ಯುದ್ಧ ಹತ್ತಿ ಕೋಟೆಯ ಪ್ರವೇಶ ತಪ್ಪಿದಾಗ, ಮರುವರ್ಷ ನಗರದ ಒಂದು ವಸತಿಗೃಹದಿಂದ ಪುನಃ ನೋಡಿದನು. ಎರಡು ಸ್ಥಳಗಳ ನಡುವಣ ಅಂತರವನ್ನು ನೆಲದ ಮೇಲೆ ಅಳೆದಿದ್ದುದರಿಂದ ಎರಡು ಅಕ್ಷಾಂಶಗಳೂ ಅದಕ್ಕೆ ಹೊಂದಬೇಕಾಗಿತ್ತು, ಹೊಂದಲಿಲ್ಲ. ವ್ಯತ್ಯಾಸವು ಸುಮಾರು ಮೂರು ವಿಕಲೆ, ಎಂದರೆ ನೆಲದ ಮೇಲೆ ನೂರು ಮೀಟರಿನ ಆಸುಪಾಸು. ಇದನ್ನು ಆತನು ಸಹೋದ್ಯೋಗಿಗೂ ತಿಳಿಸದೆ ಬಚ್ಚಿಟ್ಟನು. 1804ರಲ್ಲಿ ಸ್ಪೇನಿನಲ್ಲಿಯೇ ಜ್ವರದಿಂದ ಮಡಿದ ಬಳಿಕ ಆತನ ಟಿಪ್ಪಣಿಗಳನ್ನು ಪರಿಶೀಲಿಸಿದ ದೆಲಾಂಬ್ರನಿಗೆ ಗುಟ್ಟು ತಿಳಿಯಿತು.

ಇಲ್ಲಿ ಭೌತಶಾಸ್ತ್ರದ ವಿದ್ಯಾರ್ಥಿಯು ನಿಂತು ಯೋಚಿಸಬೇಕು. ಮೆಷೆನನು ಬಳಸಿದ ಬೋರ್ಡಾನ ವೃತ್ತಯಂತ್ರದ ಹೆಗ್ಗಳಿಕೆಯೆಂದರೆ ಒಂದೇ ಕೋನವನ್ನು ಹತ್ತಾರು ಸಲ ಅಳೆದು ಸರಾಸರಿ ತೆಗೆಯಬಹುದೆಂಬುದು. ಹಾಗೆ ಅಳೆದ ಮಾನಗಳು ಒಂದಕ್ಕೊಂದು ಸೊಗಸಾಗಿ ಹೊಂದಿಕೊಂಡುವು. ಆದರೆ ಯಂತ್ರವೇ ಒಂದು ಕಡೆಗೆ ವಾಲಿದ್ದರೆ ಸಾವಿರ ಸಲ ಅಳೆದರೂ ಆ ವಾಲಿಕೆ ಕಳೆಯದು. ತಕ್ಕಡಿಯ ತಟ್ಟೆಗೆ ಹುಣಿಸೆ ಮೆತ್ತಿದ ಅಂಗಡಿಯವನು ಎಷ್ಟು ಸಲ ತೂಗಿದರೇನು! ಅಳತೆಗಳು ಪರಸ್ಪರ ಹೊಂದುವುದು ಬೇರೆ, ನಿಜಕ್ಕೆ ಹೊಂದುವುದು ಬೇರೆ ಎಂಬ ಭೇದವನ್ನು ಆ ಕಾಲವು ಇನ್ನೂ ಸ್ಪಷ್ಟವಾಗಿ ಗುರುತಿಸಿರಲಿಲ್ಲ. 1828ರಲ್ಲಿ ನಿಕೊಲೆ ಎಂಬಾತನು ನೆತ್ತಿಯ ಉತ್ತರಕ್ಕೆ ಹಾಯುವ ನಕ್ಷತ್ರಗಳನ್ನೂ ದಕ್ಷಿಣಕ್ಕೆ ಹಾಯುವವನ್ನೂ ಬೇರೆಬೇರೆಯಾಗಿ ಗಣಿಸಿ ಸರಿದೂಗಿಸಿದಾಗ ಮೆಷೆನನ ವ್ಯತ್ಯಾಸವು ಬಹುಮಟ್ಟಿಗೆ ಕರಗಿತು. ಆತನನ್ನು ಹನ್ನೊಂದು ವರ್ಷ ಬಾಧಿಸಿದ ‘ಪಾಪ’ವು ಆತನದಾಗಿರಲಿಲ್ಲ.

ಇಷ್ಟನ್ನು ಒಳಗೆ ತಾವೇ ವಿವರಿಸಿಯೂ ಗ್ರಂಥಕರ್ತರು ಜಗತ್ತನ್ನೇ ಮಾರ್ಪಡಿಸಿದ ‘ಗುಪ್ತ ದೋಷ’ವೆಂದು ಉಪಶೀರ್ಷಿಕೆಯಲ್ಲಿ ಸಾರಿರುವುದು ನಮಗೆ ಒಪ್ಪಿಗೆಯಾಗದು. ಧ್ರುವದಿಂದ ಸಮಭಾಜಕಕ್ಕಿರುವ ದೂರವು ವಾಸ್ತವವಾಗಿ ಸುಮಾರು 1,00,02,000 ಮೀಟರು. ಎಂದರೆ ನಮ್ಮ ಮೀಟರು ಉದ್ದೇಶಿಸಿದುದಕ್ಕಿಂತ 0.2 ಮಿಲಿಮೀಟರಿನಷ್ಟು ಗಿಡ್ಡ. ಇದಕ್ಕೆ ಮುಖ್ಯ ಕಾರಣವು ಭೂಮಿಯ ಆಕಾರವೇ ಹೊರತು ಮೆಷೆನನಲ್ಲ. ಧ್ರುವಗಳಲ್ಲಿ ಅದು ಎಷ್ಟು ಚಪ್ಪಟೆಯೆಂಬುದಕ್ಕೆ ಅಂದು ಹಿಡಿದ ಮಾನವು ಸರಿಯಿರಲಿಲ್ಲ. ಮೇಲಾಗಿ ಭೂಮಿಯು ಎಲ್ಲೆಡೆಯೂ ಒಂದೇ ಕ್ರಮದಲ್ಲಿ ಬಾಗಿಲ್ಲ. ಮಾರುಕಟ್ಟೆಯ ಒತ್ತಾಯಕ್ಕೆ ಉಪಶೀರ್ಷಿಕೆಯು ತಲೆಬಾಗಿದಂತಿದೆ. ಮೆಷೆನನ ಮನಸ್ಸಿನ ಬೇಗುದಿಯನ್ನು ಪುಟಗಟ್ಟಲೆ ವರ್ಣಿಸುವಲ್ಲಿಯೂ ಆಲ್ಡರ್ ಅವರು ಕಾದಂಬರಿಕಾರರ ಸ್ವಾತಂತ್ರ್ಯವನ್ನು ತುಸು ಹೆಚ್ಚಾಗಿಯೇ ವಹಿಸಿದ್ದಾರೆ.

ಆದರೂ ನಮ್ಮ ಪಠ್ಯಗಳ ನಾಲ್ಕು ಮೆಟ್ಟಿಲಿನ ‘ವಿಧಾನ’ಕ್ಕಿಂತ ಈ ಗ್ರಂಥವು ಸತ್ಯಕ್ಕೆ ಹತ್ತಿರವಾಗಿದೆ. ಆ ಮೆಟ್ಟಿಲುಗಳಲ್ಲಿ ಹೊಂದದ ಅಳತೆಗೆ ಸ್ಥಳವೇ ಇಲ್ಲ. ಆದುದರಿಂದಲೇ ಪ್ರಯೋಗಶಾಲೆಯಲ್ಲಿ ಗುರುತ್ವದ ಮಾನ 9.8 ಬಾರದಿದ್ದರೆ, ಬರುವ ಹಾಗೆ ರೆಕಾರ್ಡಿನಲ್ಲಿ ಅಂಕಿಗಳನ್ನು ತಿದ್ದುವ ಅಭ್ಯಾಸವು ಕಾಲೇಜುಗಳಲ್ಲಿ ನಿಂತಿಲ್ಲ. ಅಂಕಗಳು ಉತ್ತರಕ್ಕೆ ದೊರೆಯುವ ತನಕ ವಿದ್ಯಾರ್ಥಿಯನ್ನು ದೂಷಿಸಿ ಫಲವಿಲ್ಲ. ಅವನು ಮೆಷೆನನ ಭಯವನ್ನೇ ಕಲಿಯುತ್ತಿದ್ದಾನೆ.

ದೆಲಾಂಬ್ರನ ನಡತೆಯ ವಿಷಯದಲ್ಲಿ ಗ್ರಂಥಕರ್ತರು ಎತ್ತಿರುವ ಪ್ರಶ್ನೆಯು ಕಠಿನವಾದುದು. 1806ರಿಂದ 1810ರವರೆಗೆ ಪ್ರಕಟವಾದ ಮೂರು ಸಂಪುಟಗಳ ವರದಿಯಲ್ಲಿ ಆತನು ಮೃತ ಮಿತ್ರನ ಮಾನವನ್ನು ಕಾಯ್ದನು, ಎಲ್ಲವನ್ನೂ ಬಹಿರಂಗಪಡಿಸಲಿಲ್ಲ. ಆದರೆ ಮೂಲ ಟಿಪ್ಪಣಿಗಳನ್ನು ಸುಡದೆ, ಯಾವುದು ತಿದ್ದಿದ್ದು, ಯಾವುದು ಮೂಲ ಎಂದು ಅಂಚಿನಲ್ಲಿ ಬರೆದು, ಪ್ಯಾರಿಸಿನ ವೀಕ್ಷಣಾಲಯದಲ್ಲಿ ಇರಿಸಿದನು. ಆಲ್ಡರ್ ಅವರು ಇದನ್ನು ಅರ್ಧ ಮುಚ್ಚುಮರೆಯೆಂದು ನೋಡುವಂತೆ ತೋರುತ್ತದೆ. ದಾಖಲೆಯನ್ನೇ ನಂಬಿ ಬದುಕುವ ನಮ್ಮ ವೃತ್ತಿಯವರಿಗೆ ಇದು ಹಾಗೆ ಕಾಣದು: ಇನ್ನೂರು ವರ್ಷಗಳ ಅನಂತರ ಆಲ್ಡರ್ ಅವರು ತೆರೆದು ಓದಿದ್ದು ಆತನು ಉಳಿಸಿಹೋದ ಆ ಪುಟಗಳನ್ನೇ.