ಓಲೆಗರಿಯ ಸಾಲುಮುರಿತ ಮತ್ತು ಕನ್ನಡ ಗ್ರಂಥಸಂಪಾದನೆ

ಕನ್ನಡ ಗ್ರಂಥಸಂಪಾದನಾ ಶಾಸ್ತ್ರವು ಪಾಠಾಂತರ, ಪ್ರಕ್ಷೇಪ, ಪ್ರತಿಗಳ ಪರಂಪರೆ ಮೊದಲಾದ ವಿಷಯಗಳನ್ನು ವಿಸ್ತಾರವಾಗಿ ಚರ್ಚಿಸಿದೆ. ಓಲೆಗರಿಯಲ್ಲಿ ಸಾಲು ಎಲ್ಲಿ ಮುಗಿಯುತ್ತದೆ, ಮುಗಿದಾಗ ಪದದ ಗತಿ ಏನು ಎಂಬ ಪ್ರಶ್ನೆಗೆ ಅಷ್ಟು ಗಮನ ದೊರೆತಿಲ್ಲ. ಮೇಲುನೋಟಕ್ಕೆ ಇದು ಲಿಪಿಕಾರನ ಅನುಕೂಲಕ್ಕೆ ಸಂಬಂಧಿಸಿದ ಸಣ್ಣ ಸಂಗತಿ. ಆದರೆ ಕನ್ನಡದ ಬರಹ ಮತ್ತು ಓದು ಇವೆರಡರ ಸ್ವರೂಪವನ್ನು ತಿಳಿಯಲು ಇದೊಂದು ಮುಖ್ಯ ಆಕರವಾಗಿದೆ.

ಓಲೆಗರಿಯ ಬರಹದಲ್ಲಿ ಪದಗಳ ನಡುವೆ ತೆರಪಿಲ್ಲ. ಕಂಠದಿಂದ ಕೊರೆದ ಅಕ್ಷರಗಳು ಗರಿಯ ಅಂಚಿನವರೆಗೂ ಒಂದರ ಪಕ್ಕ ಒಂದು ಸಾಗುತ್ತವೆ. ಅಂಚು ಬಂದಲ್ಲಿ ಪದ ಮುಗಿದಿರಲಿ ಬಿಡಲಿ, ಸಾಲು ನಿಲ್ಲುತ್ತದೆ. ಉಳಿದ ಭಾಗವು ಯಾವ ಚಿಹ್ನೆಯೂ ಇಲ್ಲದೆ ಮುಂದಿನ ಸಾಲಿನಲ್ಲಿ ಮೊದಲಾಗುತ್ತದೆ. ದಾರದ ರಂಧ್ರದ ಸುತ್ತ ಬಿಟ್ಟ ಜಾಗವೂ ಪದವನ್ನು ನಡುವೆಯೇ ತುಂಡರಿಸಬಹುದು; ಆ ತೆರಪಿಗೆ ಅರ್ಥದ ದೃಷ್ಟಿಯಿಂದ ಬೆಲೆಯಿಲ್ಲ. ಈ ಪದ್ಧತಿ ಶಾಸನಗಳಲ್ಲಿಯೂ ಕಾಣುತ್ತದೆ. ಕ್ರಿ.ಶ. ಸುಮಾರು 450ರದೆಂದು ಸಾಮಾನ್ಯವಾಗಿ ಪರಿಗಣಿತವಾದ ಹಲ್ಮಿಡಿ ಶಾಸನದಲ್ಲಿ ಕಕುಸ್ಥನೆಂಬ ಅರಸನ ಹೆಸರೇ ಎರಡು ಸಾಲುಗಳಿಗೆ ಹಂಚಿಹೋಗಿದೆ.

ಇಷ್ಟಾದರೂ ಈ ಮುರಿತಕ್ಕೆ ನಿಯಮವಿಲ್ಲವೆಂದಲ್ಲ. ಪದ ಒಡೆಯಬಹುದು, ಅಕ್ಷರ ಒಡೆಯದು. 'ಸತ್ಯ' ಎಂಬುದು 'ಸ' ಎಂದು ನಿಂತು 'ತ್ಯ' ಎಂದು ಮುಂದುವರಿದೀತು. ಒತ್ತಕ್ಷರವು ತನ್ನ ಮೂಲಾಕ್ಷರವನ್ನು ಬಿಟ್ಟು ಕೆಳಗಿನ ಸಾಲಿಗೆ ಹೋಗದು. ಬರಹದ ಘಟಕ ಅಕ್ಷರವೇ ಹೊರತು ಪದವಲ್ಲ.

ಇದಕ್ಕೆ ಭಾಷೆಯ ಜಾಯಮಾನವೂ ಕಾರಣವಾಗಿದೆ. ಸಂಧಿಯಾದಾಗ ಹಿಂದಿನ ಪದದ ಕೊನೆಯ ವ್ಯಂಜನವೂ ಮುಂದಿನ ಪದದ ಮೊದಲ ಸ್ವರವೂ ಒಂದೇ ಅಕ್ಷರವಾಗುತ್ತವೆ. ನಡುಗನ್ನಡದ 'ಅವನಲ್ಲಿ' ಎಂಬುದನ್ನು 'ಅವನು ಅಲ್ಲಿ' ಎಂದೂ ಸಪ್ತಮಿಯ ಒಂದೇ ಪದವೆಂದೂ ಬಿಡಿಸಬಹುದು. ಮೊದಲನೆಯ ಅರ್ಥದಲ್ಲಿ ಪದಗಳ ಗಡಿ 'ನ' ಅಕ್ಷರದ ಒಳಗೇ ಹಾದುಹೋಗುತ್ತದೆ. ಅಕ್ಷರವನ್ನು ಒಡೆಯದೆ ಅಲ್ಲಿ ತೆರಪು ಬಿಡುವುದು ಅಸಾಧ್ಯ.

ಯುರೋಪಿನ ಲ್ಯಾಟಿನ್ ಹಸ್ತಪ್ರತಿಗಳ ಇತಿಹಾಸವನ್ನು ಇಲ್ಲಿ ಹೋಲಿಸಿ ನೋಡಬಹುದು. ಅಲ್ಲಿ ಐರಿಷ್ ಲಿಪಿಕಾರರು ಸುಮಾರು 7ನೆಯ ಶತಮಾನದಿಂದ ಪದಗಳ ನಡುವೆ ತೆರಪು ಬಿಡತೊಡಗಿದರು. ಕಾಲಾನಂತರದಲ್ಲಿ ಸಾಲಿನ ಕೊನೆಯಲ್ಲಿ ಮುರಿದ ಪದಕ್ಕೆ ಅಡ್ಡಗೆರೆಯ ಗುರುತೂ ಬಂದಿತು. ಸುಮಾರು 1455ರ ಗುಟೆನ್‌ಬರ್ಗ್ ಬೈಬಲಿನಲ್ಲಿ ಅದು ಜೋಡಿಗೆರೆಯಾಗಿ ಅಚ್ಚಾಗಿದೆ. ಪದವನ್ನು ಕಣ್ಣಿನಿಂದಲೇ ಹಿಡಿಯಬೇಕೆಂಬ ಓದಿಗೆ ಅಂಥ ಗುರುತು ಬೇಕು.

ಕನ್ನಡದ ಓದು ಬಹುಮಟ್ಟಿಗೆ ಕಿವಿಯದಾಗಿತ್ತು. ಷಟ್ಪದಿಯ ಆರು ಪಾದಗಳನ್ನು ಓಲೆಯಲ್ಲಿ ಬೇರೆ ಬೇರೆ ಸಾಲುಗಳಾಗಿ ಬರೆಯುವ ರೂಢಿಯಿರಲಿಲ್ಲ. ಜೋಡಿದಂಡವೂ ಪದ್ಯಸಂಖ್ಯೆಯೂ ಪದ್ಯದ ಅಂತ್ಯವನ್ನು ತಿಳಿಸಿದರೆ, ಪಾದಾರಂಭವನ್ನು ತಿಳಿಸಲು ಆದಿಪ್ರಾಸವಿತ್ತು, ಗಣಗಳ ನಡೆಯಿತ್ತು. ಕುಮಾರವ್ಯಾಸ ಭಾರತ, ಜೈಮಿನಿ ಭಾರತಗಳನ್ನು ಊರುಗಳಲ್ಲಿ ಒಬ್ಬರು ವಾಚಿಸಿ ಮತ್ತೊಬ್ಬರು ಅರ್ಥ ಹೇಳುವ ಪರಂಪರೆಯಲ್ಲಿ ಪದಚ್ಛೇದವು ವಾಚಕನ ಉಸಿರಿನಲ್ಲಿಯೂ ವ್ಯಾಖ್ಯಾನಕಾರನ ಮಾತಿನಲ್ಲಿಯೂ ನಡೆಯುತ್ತಿತ್ತು. ಓಲೆ ಬಿಡಿಸದೆ ಬಿಟ್ಟುದನ್ನು ಕಂಠ ಬಿಡಿಸುತ್ತಿತ್ತು. ಆದ್ದರಿಂದ ತೆರಪಿಲ್ಲದ ಬರಹವನ್ನು ಲಿಪಿಯ ಕೊರತೆಯೆಂದು ಕಾಣುವುದು ಸಾಧುವಲ್ಲ.

ಮುದ್ರಣವು ಈ ಹೊಣೆಯನ್ನು ಸಂಪಾದಕನಿಗೆ ವರ್ಗಾಯಿಸಿತು. ಆತ ಬಿಡುವ ಪ್ರತಿಯೊಂದು ತೆರಪೂ ಒಂದು ಅರ್ಥನಿರ್ಣಯ. ಓದುಗನಾದರೋ ಅದನ್ನು ಕವಿಯದೆಂದೇ ಸ್ವೀಕರಿಸುತ್ತಾನೆ. ಪಾಠಾಂತರಗಳು ಅಡಿಟಿಪ್ಪಣಿಯಲ್ಲಿ ಸ್ಥಾನ ಪಡೆದರೂ ಮೂಲದ ಸಾಲಿನ ಕೊನೆಗಳು ಸಾಮಾನ್ಯವಾಗಿ ದಾಖಲಾಗುವುದಿಲ್ಲ. ಇದು ಸಣ್ಣ ನಷ್ಟವಲ್ಲ. ಲಿಪಿಕಾರನ ಕಣ್ಣು ಒಂದು ಸಾಲಿನಿಂದ ಇನ್ನೊಂದಕ್ಕೆ ಹೊರಳುವ ಸ್ಥಳದಲ್ಲಿ ಅಕ್ಷರಲೋಪವೂ ಅಕ್ಷರಗಳ ಪುನರಾವೃತ್ತಿಯೂ ಸುಲಭವಾಗಿ ಸಂಭವಿಸುತ್ತವೆ. ಪದ ಅರ್ಧಕ್ಕೆ ನಿಂತಿದ್ದರೆ ಈ ಅಪಾಯ ಹೆಚ್ಚು. ಸಾಲಿನ ಕೊನೆ ತಿಳಿದಿದ್ದರೆ ಒಂದು ವಿಚಿತ್ರ ಪಾಠವು ಕೈತಪ್ಪೋ ಅಥವಾ ನಿಜವಾದ ರೂಪಭೇದವೋ ಎಂದು ನಿರ್ಣಯಿಸಲು ಒಂದು ಆಧಾರ ದೊರೆಯುತ್ತದೆ. ಅದು ಅಳಿಸಿಹೋದಲ್ಲಿ ಊಹೆಯೊಂದೇ ಗತಿ.

ಶಾಸನತಜ್ಞರು ಈ ವಿಷಯದಲ್ಲಿ ಹೆಚ್ಚು ಎಚ್ಚರ ವಹಿಸಿದ್ದಾರೆ. 'ಎಪಿಗ್ರಾಫಿಯಾ ಇಂಡಿಕಾ'ದಲ್ಲಿ ಶಾಸನಪಾಠಗಳು ಸಾಲಿನ ಸಂಖ್ಯೆಗಳೊಡನೆ ಅಚ್ಚಾಗಿವೆ. ಕಲ್ಲಿಗೆ ಸಂದ ಈ ಗೌರವ ಓಲೆಗೂ ಸಲ್ಲಬೇಕು. 2003ರಲ್ಲಿ ಆರಂಭವಾದ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನದ ಅನಂತರ ಓಲೆಗರಿಗಳ ಡಿಜಿಟಲ್ ಚಿತ್ರಗಳು ಹೆಚ್ಚುತ್ತಿವೆ. ಚಿತ್ರದಲ್ಲಿ ಸಾಲುಮುರಿತ ಉಳಿಯುತ್ತದೆ. ಅದನ್ನು ಅಕ್ಷರಕ್ಕಿಳಿಸುವಾಗ ಕಳೆದುಹೋಗುತ್ತದೆ. ಲಿಪ್ಯಂತರದಲ್ಲಿ ಗರಿಯ ಸಂಖ್ಯೆಯೊಡನೆ ಪ್ರತಿ ಸಾಲಿನ ಕೊನೆಗೊಂದು ಓರೆಗೆರೆ ಹಾಕುವುದು ಕಷ್ಟದ ಕೆಲಸವಲ್ಲ. ಗರಿಗಳು ಜೀರ್ಣವಾಗುತ್ತಿರುವ ಈ ಹೊತ್ತಿನಲ್ಲಿ ಆ ಗೆರೆಯೇ ಮುಂದಿನ ಸಂಪಾದಕನಿಗೆ ಮೂಲದ ಅಂಚನ್ನು ತೋರಿಸಬೇಕಾಗಿದೆ.