ಗಟ್ಟಿ ಡಿಕಾಕ್ಷನ್ ಕೇಳಬೇಡಿ

ದುಬಾರಿ ಡ್ರಿಪ್ ಕಾಫಿ ಮೇಕರ್ ತಂದ ಮನೆಗಳಲ್ಲಿ ಮೊದಲ ವಾರ ಹೆಚ್ಚುಕಮ್ಮಿ ಒಂದೇ ಕಥೆ. ಮಾಮೂಲಿ ಅಂಗಡಿಯ ಚಿಕೋರಿ ಬೆರೆತ ನುಣ್ಣನೆ ಪುಡಿ ಹಾಕುತ್ತಾರೆ, ಸ್ವಿಚ್ ಒತ್ತುತ್ತಾರೆ, ಇಳಿದದ್ದಕ್ಕೆ ಅರ್ಧ ಲೋಟ ಹಾಲು ಸುರಿದು ಸಕ್ಕರೆ ಕದಡಿ ಒಂದು ಗುಟುಕು ಕುಡಿದು ಮುಖ ಕಿವುಚುತ್ತಾರೆ. ‘ಇಷ್ಟು ದುಡ್ಡಿಗೆ ಒಂದು ಫ್ರಿಜ್ಜೇ ಬರ್ತಿತ್ತಲ್ಲ ಅಳಿಯಂದಿರೇ’ ಎಂದು ನಮ್ಮ ಅತ್ತೆಯವರು ಅಂದದ್ದೂ ಆ ವಾರದಲ್ಲೇ. ಹಿತ್ತಾಳೆ ಫಿಲ್ಟರಿನ ಕೆಲಸವನ್ನೇ ಇದು ಬೇಗ ಮುಗಿಸಿಕೊಡುತ್ತದೆ ಅಂದುಕೊಂಡು ಕೊಂಡವರಿಗೆ ನಿರಾಸೆ ಕಟ್ಟಿಟ್ಟ ಬುತ್ತಿ. ಇದರಿಂದ ಡಿಕಾಕ್ಷನ್ ಬರುವುದೇ ಇಲ್ಲ. ಬರುವುದು ಇಳಿದಿಳಿದ ಹಾಗೇ ಕುಡಿಯುವ ಕಾಫಿ.

ಲೆಕ್ಕ ನೋಡಿ. ಫಿಲ್ಟರಿನಲ್ಲಿ ಪುಡಿ ಒತ್ತಿ ಕೂರಿಸಿ, ಅದರ ನಾಲ್ಕೈದು ಪಟ್ಟು ಬಿಸಿನೀರು ಹೊಯ್ದು, ತೊಟ್ಟಿಕ್ಕಲು ಬಿಟ್ಟು ಬೇರೆ ಕೆಲಸಕ್ಕೆ ಹೋಗುತ್ತೇವೆ. ಕೆಳಗೆ ಕೂಡಿದ್ದು ಹಾಲಿಗೆ ಬೆರೆಸಲೆಂದೇ ಇರುವ ಸಾರ. ಡ್ರಿಪ್ ಯಂತ್ರಕ್ಕೆ ಲೀಟರಿಗೆ 55ರಿಂದ 60 ಗ್ರಾಂ ಪುಡಿ, ಅಂದರೆ ಹದಿನೇಳು ಹದಿನೆಂಟು ಪಟ್ಟು ನೀರು. ಈ ಅಳತೆಯ ಹಿಂದಿರುವುದು 1950ರ ದಶಕದಲ್ಲಿ ಅಮೆರಿಕದ ಎಂಐಟಿಯ ಅರ್ನೆಸ್ಟ್ ಲಾಕ್‌ಹಾರ್ಟ್ ನಡೆಸಿದ ಅಧ್ಯಯನ. ಪುಡಿಯ ತೂಕದಲ್ಲಿ ಶೇ 18ರಿಂದ 22ರಷ್ಟು ನೀರಿಗಿಳಿದರೆ ರುಚಿ ಸರಿಹೋಗುತ್ತದೆ. ಕಡಿಮೆ ಇಳಿದರೆ ಹಸಿಹುಳಿ, ಜಾಸ್ತಿ ಇಳಿದರೆ ಕಹಿ. ಹದವಾಗಿ ಇಳಿದ ಲೋಟದಲ್ಲೂ ಕಾಫಿಯ ಅಂಶ ಶೇ ಒಂದೂಕಾಲರ ಆಸುಪಾಸು, ಮಿಕ್ಕಿದ್ದೆಲ್ಲ ನೀರೇ. ಅದಕ್ಕೆ ಮತ್ತೆ ಅರ್ಧ ಲೋಟ ಹಾಲು ಸುರಿದರೆ ಏನು ಉಳಿದೀತು?

ಇನ್ನೊಂದು ವ್ಯತ್ಯಾಸ ಪೇಪರಿನದು. ಜರ್ಮನಿಯ ಡ್ರೆಸ್ಡೆನ್ನಿನ ಗೃಹಿಣಿ ಮೆಲಿಟ್ಟಾ ಬೆಂಟ್ಸ್ ಮಗನ ಶಾಲೆಯ ಬ್ಲಾಟಿಂಗ್ ಪೇಪರ್ ಕತ್ತರಿಸಿ ಕಾಫಿ ಸೋಸಿದವಳು, 1908ರಲ್ಲಿ ಅದಕ್ಕೆ ಹಕ್ಕೂ ನೋಂದಾಯಿಸಿದಳು. ಕಾಫಿಬೀಜದ ಎಣ್ಣೆ, ಕಣ್ಣಿಗೆ ಕಾಣದಂಥ ನುಚ್ಚುಪುಡಿ ಎರಡನ್ನೂ ಪೇಪರ್ ತಡೆಯುತ್ತದೆ. ಹಿತ್ತಾಳೆಯ ತೂತುಗಳು ತಡೆಯುವುದಿಲ್ಲ. ನಮ್ಮ ಕಾಫಿ ನಾಲಗೆಗೆ ದಪ್ಪಗೆ ಅಂಟುವುದಕ್ಕೂ ಡ್ರಿಪ್ ಕಾಫಿ ತೆಳ್ಳಗೆ, ತಿಳಿಯಾಗಿ ಜಾರಿಹೋಗುವುದಕ್ಕೂ ಇದೇ ಕಾರಣ. ತೆಳ್ಳಗಿದೆ ಅಂತ ಜರೆಯುವ ಮುಂಚೆ ಅದರ ಘಮ ನೋಡಿ ಅನ್ನುವುದು ನನ್ನ ವಕಾಲತ್ತು.

ನಮ್ಮ ಮನೆಗೆ ಬಂದಿರುವುದು ಮೊಕ್ಕಮಾಸ್ಟರ್. ನೆದರ್ಲೆಂಡ್ಸಿನ ಅಮೆರೋಂಗನ್‌ ಊರಿನಲ್ಲಿ ತಯಾರಾಗುವ, 1960ರ ದಶಕದ ಕೊನೆಯಿಂದ ಸ್ವರೂಪ ಅಷ್ಟಾಗಿ ಬದಲಾಗದ ಯಂತ್ರ. ಪಂಪಿಲ್ಲ. ತಾಮ್ರದ ಕೊಳವೆಯಲ್ಲಿ ನೀರು ಕುದಿಯುವಷ್ಟು ಕಾದಾಗ ಏಳುವ ಗುಳ್ಳೆಗಳೇ ಅದನ್ನು ಮೇಲಕ್ಕೆ ದೂಡುತ್ತವೆ. ಬಿಸಿನೀರು ಗಳಗಳ ಸದ್ದು ಮಾಡುತ್ತ ಬಿಟ್ಟುಬಿಟ್ಟು ಪುಡಿಯ ಮೇಲೆ ಬೀಳುತ್ತದೆ. ತಯಾರಕರು ಹೇಳಿರುವ ಶಾಖ 92ರಿಂದ 96 ಡಿಗ್ರಿ. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಬೆಂಗಳೂರಿನಲ್ಲಿ ನೀರು ಕುದಿಯುವುದೇ 97 ಡಿಗ್ರಿಗೆ, ಹಾಗಾಗಿ ಇಲ್ಲಿ ತೊಂದರೆಯಿಲ್ಲ. ಮಡಿಕೇರಿಯಲ್ಲಿ 96ಕ್ಕೇ ಕುದಿಯುತ್ತದೆ. ಅಲ್ಲಿಯವರು ಪುಡಿಯನ್ನು ಒಂದಿಷ್ಟು ನುಣ್ಣಗೆ ಬೀಸಿಕೊಂಡರೆ ಒಳ್ಳೆಯದು.

ನುಣ್ಣಗೆ ಅಂದೆನಾದರೂ, ಫಿಲ್ಟರ್ ಪುಡಿಯ ನುಣುಪಲ್ಲ. ಉಪ್ಪಿಟ್ಟಿನ ರವೆಯಷ್ಟು ತರಿಯಾಗಿರಬೇಕು. ಫಿಲ್ಟರ್ ಪುಡಿ ಪೇಪರಿನ ಕಣ್ಣು ಕಟ್ಟುತ್ತದೆ, ಚಿಕೋರಿ ಬೆರೆತಿದ್ದರೆ ಕೇಳುವುದೇ ಬೇಡ, ನೆನೆದು ಮೆತ್ತಗಾಗಿ ಕೂತುಬಿಡುತ್ತದೆ. ಮೇಲಿನಿಂದ ನೀರು ಬರುತ್ತಲೇ ಇರುತ್ತದೆ, ಕೆಳಗೆ ಇಳಿಯುವುದಿಲ್ಲ, ಕಟ್ಟೆಯ ತುಂಬ ಕಾಫಿ. ಮಿಕ್ಸಿಯೂ ಆಗದು: ಅರ್ಧ ಹಿಟ್ಟು, ಅರ್ಧ ನುಚ್ಚು, ಒಂದೇ ಲೋಟದಲ್ಲಿ ಕಹಿಯೂ ಹುಳಿಯೂ. ಕೈಯಲ್ಲಿ ತಿರುಗಿಸುವ ಬರ್ ಗ್ರೈಂಡರ್ ಸಾಕು. ಬಜೆಟ್ ಬಿಗಿಯಾಗಿದ್ದರೆ ಮೊದಲು ಗ್ರೈಂಡರಿಗೆ ಖರ್ಚು ಮಾಡಿ, ಯಂತ್ರ ಮುಂದಿನ ವರ್ಷ ಬಂದರೂ ನಡೆಯುತ್ತದೆ. ಮಾರುವವರು ಈ ಮಾತು ಹೇಳುವುದಿಲ್ಲ.

ಸ್ವಿಚ್ ಒತ್ತಿದ ಮೇಲೆ ಆಚೆ ಹೋಗಬಹುದು ಅನ್ನುವುದೇ ಈ ಯಂತ್ರಗಳ ಆಕರ್ಷಣೆ. ನಾನು ಮೊದಲ ಒಂದು ನಿಮಿಷ ಅಲ್ಲೇ ನಿಂತಿರುತ್ತೇನೆ. ಹೊಸದಾಗಿ ಹುರಿದ ಬೀಜದ ಪುಡಿಗೆ ನೀರು ತಾಗಿದ ಕೂಡಲೇ ಒಳಗಿನ ಇಂಗಾಲದ ಡೈಆಕ್ಸೈಡ್ ಹೊರಬಂದು ನಡುಭಾಗ ಕಂದು ನೊರೆಯಾಗಿ ಉಬ್ಬುತ್ತದೆ. ನೀರು ಅದೇ ಉಬ್ಬಿನ ಮೇಲೆ ಬೀಳುತ್ತಿದ್ದರೆ ಪೇಪರಿನ ಅಂಚಿಗೆ ಅಂಟಿದ ಪುಡಿ ತಿಳಿಬಣ್ಣದಲ್ಲಿ ಒಣಗಿಯೇ ಉಳಿಯುತ್ತದೆ. ಮುಚ್ಚಳ ತೆಗೆದು ಉದ್ದ ಹಿಡಿಯ ಚಮಚದಿಂದ ಒಂದು ಸುತ್ತು ಮೆಲ್ಲಗೆ ಕದಡಿದರೆ ಎಲ್ಲವೂ ಒಂದೇ ಸಮ ನೆನೆದು ಕಪ್ಪಾಗುತ್ತದೆ. ಹೆಚ್ಚು ಕದಡಬಾರದು, ನುಣ್ಣನೆ ಪುಡಿ ತಳ ಸೇರಿ ನೀರು ಇಳಿಯುವುದು ನಿಧಾನವಾಗುತ್ತದೆ. ನಾಲ್ಕರಿಂದ ಆರು ನಿಮಿಷದಲ್ಲಿ ಜಗ್ಗು ತುಂಬಿರಬೇಕು.

ಬೀಜದ ವಿಷಯದಲ್ಲಿ ನಾವು ಅದೃಷ್ಟವಂತರು. ದೇಶದ ಕಾಫಿಯಲ್ಲಿ ಸುಮಾರು ಶೇ 70 ಬೆಳೆಯುವುದು ನಮ್ಮಲ್ಲೇ. ಕಪ್ಪಗೆ ಹುರಿದ ಬೀಜದಿಂದ ಡ್ರಿಪ್‌ನಲ್ಲಿ ಬರುವುದು ಬರೀ ಸುಟ್ಟ ಕಹಿ, ಅದನ್ನು ಮರೆಮಾಚಲು ಇಲ್ಲಿ ಹಾಲೂ ಇರುವುದಿಲ್ಲ. ಮಧ್ಯಮ ಹುರಿತದ ಅರೇಬಿಕಾ ಕೇಳಿ ಕೊಳ್ಳಿ. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದ ಎಸ್.795 ತಳಿ 1940ರ ದಶಕದಿಂದ ನಮ್ಮ ತೋಟಗಳಲ್ಲಿದೆ, ಅದನ್ನು ಕುಡಿದೇ ಬೆಳೆದಿದ್ದೇವೆ. ಆದರೂ ಬಾಬಾಬುಡನ್‌ಗಿರಿ ಸೀಮೆಯ ಎಸ್.795 ಹಾಲಿಲ್ಲದೆ ಇಳಿದಾಗ ಬಂದ ಹಳೇ ಬೆಲ್ಲದ ಸಿಹಿ, ಹಿಂದೆಯೇ ಒಂದೆಳೆ ಹುಣಸೆಯ ಹುಳಿ, ಇವನ್ನು ನಾನು ಫಿಲ್ಟರ್ ಕಾಫಿಯಲ್ಲಿ ಎಂದೂ ಕಂಡಿರಲಿಲ್ಲ. ಲೋಟ ಕೊಂಚ ಆರಿದ ಮೇಲೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಸುಡುಸುಡು ಕಾಫಿಯನ್ನೇ ಕಾಫಿ ಅನ್ನುವ ನಮಗೆ ಇದಂತೂ ಅಭ್ಯಾಸವಾಗಲು ಕಷ್ಟ.

ಹಾಲು ಬೇಕೇಬೇಕು ಅನ್ನುವವರು ಲೀಟರಿಗೆ 70 ಗ್ರಾಂ ಪುಡಿ ಹಾಕಿ, ಲೋಟಕ್ಕೆ ಎರಡು ಚಮಚ ಬಿಸಿಹಾಲು ಬೆರೆಸಿಕೊಳ್ಳಲಿ. ಎರಡನೇ ಡಿಕಾಕ್ಷನ್ನಿನ ಆಸೆ ಮಾತ್ರ ಬಿಡಬೇಕು. ಅತ್ತೆಯವರು ಅದೇ ಪುಡಿಗೆ ಇನ್ನೊಂದು ಸಲ ನೀರು ಬಿಡಿಸಿ ನೋಡಿದರು, ತಾವೇ ಸಿಂಕಿಗೆ ಚೆಲ್ಲಿದರು. ಗಾಜಿನ ಜಗ್ಗನ್ನು ಬಿಸಿ ತಟ್ಟೆಯ ಮೇಲೆ ಬಹಳ ಹೊತ್ತು ಬಿಟ್ಟರೂ ಕಾಫಿ ಕೆಡುತ್ತದೆ. ಉಳಿದದ್ದನ್ನು ಫ್ಲಾಸ್ಕಿಗೆ ಸುರಿಯಿರಿ.

ಕೊನೆಗೆ ನೀರು. ಬೋರ್‌ವೆಲ್ಲಿನ ಗಡಸು ನೀರು ಕಾಫಿಯ ಹುಳಿಯನ್ನು ನುಂಗುವುದಲ್ಲದೆ ಕೊಳವೆಗೆ ಸುಣ್ಣ ಕಟ್ಟಿಸುತ್ತದೆ. ಆರ್‌ಒ ನೀರಿನದು ತದ್ವಿರುದ್ಧ: ಲವಣವೇ ಇಲ್ಲದೆ ಕಾಫಿ ಸಪ್ಪೆ. ಲೀಟರಿಗೆ 150 ಮಿಲಿಗ್ರಾಂ ಆಸುಪಾಸು ಲವಣವಿದ್ದರೆ ಹದ. ಸೋಸಿದ ಕಾವೇರಿ ನೀರು ಬರುವ ಮನೆಗಳು ತಲೆ ಕೆಡಿಸಿಕೊಳ್ಳಬೇಕಿಲ್ಲ, ಬೋರ್‌ವೆಲ್ ಮನೆಯವರು ಆರ್‌ಒ ನೀರಿಗೆ ಸ್ವಲ್ಪ ಬೋರ್ ನೀರು ಬೆರೆಸಿಕೊಳ್ಳಬಹುದು. ಆಗಾಗ ದಿನಸಿ ಅಂಗಡಿಯ ನಿಂಬೆ ಉಪ್ಪು ಕರಗಿಸಿದ ನೀರು ಓಡಿಸಿದರೆ ಸುಣ್ಣ ಬಿಟ್ಟುಕೊಳ್ಳುತ್ತದೆ. ಆಮೇಲೆ ಎರಡು ಸಲ ಬರೀ ನೀರು ಓಡಿಸಿ, ಇಲ್ಲದಿದ್ದರೆ ಮರುದಿನ ಬೆಳಗ್ಗೆ ಮನೆಮಂದಿಗೆಲ್ಲ ಕಾಫಿಯ ಬದಲು ಶರಬತ್ತು.