ಸೂರತ್ ಕೋಟೆಯ ಮ್ಯೂಸಿಯಂ ಮತ್ತು ಹಜ್ ಬಂದರು

ತಾಪಿ ನದಿಯ ದಡದಲ್ಲಿರುವ ಸೂರತ್ ಕೋಟೆಯನ್ನು ಅಲ್ಲಿನ ಮಹಾನಗರ ಪಾಲಿಕೆ ದುರಸ್ತಿ ಮಾಡಿ ಮ್ಯೂಸಿಯಂ ಮಾಡಿದೆ. ಉಧ್ನಾ ಕಡೆಗೆ ಬಟ್ಟೆ ಖರೀದಿಗೆ ಹೋಗುವ ನಮ್ಮವರು ಅರ್ಧ ದಿನ ಬಿಡುವು ಮಾಡಿಕೊಂಡು ನೋಡಲೇಬೇಕಾದ ಜಾಗ ಇದು. ಆದರೆ ನೋಡುವಾಗ ಒಂದು ಪ್ರಶ್ನೆ ಜೊತೆಗಿರಲಿ. ಬಂದರಿನ ವ್ಯಾಪಾರದ ಕಥೆಯನ್ನು ಕೋಟೆಯೊಳಗೆ ನಿಂತು ಪೂರ್ತಿ ಹೇಳಲು ಆಗುತ್ತದಾ?

ಕೋಟೆ ಕಟ್ಟಿದ್ದು 1540ರ ದಶಕದಲ್ಲಿ, ಪೋರ್ಚುಗೀಸರ ದಾಳಿ ತಡೆಯಲು. ಅಪ್ಪಣೆ ಗುಜರಾತಿನ ಸುಲ್ತಾನ ಮೂರನೇ ಮಹಮೂದನದು. ಕಟ್ಟಿಸಿದ ಖುದಾವಂದ್ ಖಾನ್ ಸ್ವತಃ ಹೊರನಾಡಿನಿಂದ ಬಂದವನು. ಅಂದರೆ ಈ ಗೋಡೆಗಳೇ ಒಂದು ಒಳ್ಳೆಯ ಪ್ರದರ್ಶನ. ತೊಂದರೆ ಎಲ್ಲಿ ಅಂದರೆ, ಕೋಟೆ ಯುದ್ಧದ ಭಾಷೆ ಮಾತಾಡುತ್ತದೆ. ತೋಪು ಉಳಿಯುತ್ತದೆ, ಕತ್ತಿ ಉಳಿಯುತ್ತದೆ. ಹತ್ತಿ ಬಟ್ಟೆ ಹರಿದುಹೋಗುತ್ತದೆ, ಹಾಯಿ ಕೊಳೆಯುತ್ತದೆ, ಹುಂಡಿಯ ಕಾಗದವನ್ನು ಗೆದ್ದಲು ತಿನ್ನುತ್ತದೆ. ಜೊತೆಗೆ ನಮ್ಮ ತಲೆಯಲ್ಲಿ ಶಾಲೆಯ ಪಾಠ ಬೇರೆ ಕೂತಿದೆ: ಪೋರ್ಚುಗೀಸರು ಬಂದರು, ಡಚ್ಚರು ಬಂದರು, ಇಂಗ್ಲಿಷರು ಬಂದರು, ವಿದೇಶ ವ್ಯಾಪಾರ ಶುರುವಾಯಿತು!

ಅವರು ಬಂದದ್ದು ಆಗಲೇ ತುಂಬಿದ್ದ ಸಂತೆಗೆ. ಮೊಘಲರ ಕಾಲದಲ್ಲಿ ಸೂರತ್ ಹಜ್ ಯಾತ್ರಿಗಳ ದೊಡ್ಡ ಬಂದರು. ಕೆಂಪು ಸಮುದ್ರಕ್ಕೆ ಹೊರಟ ಹಡಗಿನಲ್ಲಿ ಯಾತ್ರಿಗಳ ಜೊತೆ ಬಟ್ಟೆಯೂ ಹೋಗುತ್ತಿತ್ತು, ವಾಪಸ್ ಬರುವಾಗ ಬೆಳ್ಳಿ ಬರುತ್ತಿತ್ತು. ಇಬಾದತ್ತು ಮತ್ತು ವ್ಯಾಪಾರ ಒಂದೇ ಹಡಗಿನಲ್ಲಿ. 1613ರಲ್ಲಿ ಪೋರ್ಚುಗೀಸರು ಹಿಡಿದ 'ರಹೀಮಿ' ಹಡಗನ್ನೇ ನೋಡಿ. ಅದರ ಒಡತಿ ಜಹಾಂಗೀರನ ತಾಯಿ ಮರಿಯಮ್ ಉಝ್ ಝಮಾನಿ, ರಜಪೂತರ ಮನೆಯ ಮಗಳು. ಹಡಗು ಹೋದ ಸಿಟ್ಟಿಗೆ ಜಹಾಂಗೀರ್ ಪೋರ್ಚುಗೀಸರ ವ್ಯಾಪಾರ ನಿಲ್ಲಿಸಿ ದಮನ್‌ಗೆ ಮುತ್ತಿಗೆ ಹಾಕಿಸಿದ. ರಜಪೂತ ಹೆಣ್ಣುಮಗಳ ಹಡಗಿನಲ್ಲಿ ಹಾಜಿಗಳು! ಇಂದಿನ ನಮ್ಮ ಜಗಳಗಳಿಗೆ ಈ ಒಂದು ಹಡಗು ಎಷ್ಟೊಂದು ಉತ್ತರ ಕೊಡುತ್ತದೆ. ಅದಕ್ಕೆ ಮ್ಯೂಸಿಯಂನಲ್ಲಿ ಒಂದು ಇಡೀ ಕೋಣೆ ಕೊಟ್ಟರೂ ಹೆಚ್ಚಲ್ಲ.

ವ್ಯಾಪಾರಿಗಳ ವಿಷಯವೂ ಹೀಗೇ. ಇಂಗ್ಲಿಷ್ ಕಂಪನಿಗೇ ಸಾಲ ಕೊಟ್ಟ ಜೈನ ಸಾಹುಕಾರ ವೀರ್ಜಿ ವೋರಾ ಇದ್ದ. 1718ರಲ್ಲಿ ತೀರಿಕೊಂಡ ಮುಲ್ಲಾ ಅಬ್ದುಲ್ ಗಫೂರ್ ಇದ್ದ. ಇವನೊಬ್ಬನ ವಹಿವಾಟೇ ಕಂಪನಿಯ ವಹಿವಾಟಿಗೆ ಸಮ ಅಂತ ಬರೆದವನು ಅಲೆಕ್ಸಾಂಡರ್ ಹ್ಯಾಮಿಲ್ಟನ್ ಎಂಬ ನಾವಿಕ. ವಿದ್ಯಾರ್ಥಿಗಳು ಅಶಿನ್ ದಾಸ್ ಗುಪ್ತಾ ಅವರ ಸೂರತ್ ವ್ಯಾಪಾರಿಗಳ ಅಧ್ಯಯನ ಓದಿಕೊಂಡು ಹೋದರೆ ಕಣ್ಣು ಬೇರೆಯೇ ಆಗಿರುತ್ತದೆ.

ಡಚ್ಚರ, ಇಂಗ್ಲಿಷರ ಗೋರಿಗಳನ್ನೂ ಬಿಡಬೇಡಿ. ಮಲಬಾರಿನ ಗಿಡಮೂಲಿಕೆಗಳ ಬಗ್ಗೆ 12 ಸಂಪುಟಗಳ 'ಹೋರ್ಟಸ್ ಮಲಬಾರಿಕಸ್' ಮಾಡಿಸಿದ ವಾನ್ ರೀಡ್ ಅಲ್ಲೇ ಮಣ್ಣಾಗಿದ್ದಾನೆ. ಗುಮ್ಮಟ, ಕಮಾನು ನೋಡಿದರೆ ಯಾರೋ ನವಾಬರ ಮಕ್‌ಬರಾ ಅನ್ನಬೇಕು! ಸಂಸ್ಕೃತಿ ಯಾರಿಂದ ಯಾರಿಗೆ ಹೋಯಿತು ಅನ್ನೋದಕ್ಕೆ ಬೇರೆ ಫಲಕ ಬೇಕಿಲ್ಲ.

ನಮ್ಮ ಕರಾವಳಿಯ ಮಾತು ಕೇಳುತ್ತೀರಾ? ಶಿವಾಜಿ 1664ರಲ್ಲಿ ಸೂರತ್ ಮೇಲೆ, ಮರುವರ್ಷ ನಮ್ಮ ಬಸ್ರೂರಿನ ಮೇಲೆ ದಾಳಿ ಮಾಡಿದ. ಎರಡೂ ಹಣವಿದ್ದ ಊರುಗಳು. ಸೂರತ್‌ಗೆ ಮ್ಯೂಸಿಯಂ ಸಿಕ್ಕಿತು, ಬಸ್ರೂರಿನ ಕಥೆ ಎಷ್ಟು ಜನಕ್ಕೆ ಗೊತ್ತು?

ನನ್ನ ಕೇಳಿದರೆ ಸೂರತ್‌ನ ನಿಜವಾದ ವ್ಯಾಪಾರ ಮ್ಯೂಸಿಯಂ ಆಗಬೇಕಿದ್ದದ್ದು ಮುಘಲ್‌ಸರಾಯ್. 1644ರಲ್ಲಿ, ಶಾಹಜಹಾನನ ಕಾಲದಲ್ಲಿ ಕಟ್ಟಿದ ಮುಸಾಫಿರ್‌ಖಾನೆ ಅದು. ಹಜ್‌ಗೆ ಹೊರಟವರು ಹಡಗಿಗಾಗಿ ಕಾದು ಕೂತ ಜಾಗ. ಈಗ ಅಲ್ಲಿ ಇರುವುದು ಅದೇ ಮಹಾನಗರ ಪಾಲಿಕೆಯ ಕಚೇರಿ. ಕೋಟೆ ನೋಡಿ ಮುಗಿಸಿದ ಮೇಲೆ ಅಲ್ಲಿಗೂ ಒಮ್ಮೆ ಹೋಗಿ ಬನ್ನಿ.